ಹಗ್ಗದಿಂದ ಆಳೆತ್ತರದ ಸಾಬೂನು ಗುಳ್ಳೆ: ಹುರಿ, ದ್ರಾವಣ, ಗಾಳಿ ಮತ್ತು ಕೈಯ ಹದ

ಎರಡು ಕೋಲುಗಳ ತುದಿಗೆ ಕಟ್ಟಿದ ಹಗ್ಗವನ್ನು ಸಾಬೂನು ದ್ರಾವಣದಲ್ಲಿ ಅದ್ದಿ ಅಗಲಿಸಿದರೆ, ಅದರ ನಡುವೆ ಕೂಡಿದ ಪೊರೆ ಗಾಳಿಗೆ ಉಬ್ಬಿ ದೊಡ್ಡ ಗುಳ್ಳೆಯಾಗುತ್ತದೆ. ಇಂಥ ಗುಳ್ಳೆ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ನೀರಿಗೆ ಎಷ್ಟು ಸಾಬೂನು ಹಾಕಬೇಕು ಎಂದು. ಅದಕ್ಕೆ ಉತ್ತರ ಮುಂದೆ ಬರುತ್ತದೆ. ಆದರೆ ಕೆಲವು ವರ್ಷಗಳಿಂದ ಮಕ್ಕಳೊಂದಿಗೆ ಮೈದಾನದಲ್ಲಿ ಈ ಕೆಲಸ ಮಾಡುತ್ತ ಬಂದಿರುವ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಗುಳ್ಳೆಯ ಗಾತ್ರವನ್ನು ಮೊದಲು ನಿರ್ಧರಿಸುವುದು ಹಗ್ಗ, ಆಮೇಲೆ ಗಾಳಿಯಲ್ಲಿರುವ ತೇವ, ಅದಾದ ಮೇಲೆಯೇ ದ್ರಾವಣ. ದ್ರಾವಣದ ಪಾಕವನ್ನು ತಿಂಗಳುಗಟ್ಟಲೆ ತಿದ್ದುತ್ತ, ಹಗ್ಗವನ್ನು ಮಾತ್ರ ಬದಲಿಸದೆ ಬೇಸತ್ತು ಕೈಬಿಟ್ಟವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ಲೇಖನವೂ ಹಗ್ಗದಿಂದಲೇ ಆರಂಭವಾಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿದರೆ ಇದರ ಕಾರಣ ತಿಳಿಯುತ್ತದೆ. ಒಂದು ಮೀಟರ್ ವ್ಯಾಸದ ಗುಳ್ಳೆಯ ಮೈಯ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅದರ ಪೊರೆಯ ದಪ್ಪ ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಎಂದಿಟ್ಟುಕೊಂಡರೆ, ಇಡೀ ಗುಳ್ಳೆಯಲ್ಲಿರುವ ದ್ರವ ಸುಮಾರು 3 ಮಿ.ಲೀ. ಮಾತ್ರ, ಒಂದು ಟೀ ಚಮಚವೂ ತುಂಬುವುದಿಲ್ಲ. ಪೊರೆ ಅದರ ಐದು ಪಟ್ಟು ದಪ್ಪವಿದ್ದರೂ ಒಂದು ದೊಡ್ಡ ಚಮಚದಷ್ಟಾಗುತ್ತದೆ, ಅಷ್ಟೆ. ಒಳಗೆ ಸೆರೆಯಾದ ಗಾಳಿಯೋ ಅರ್ಧ ಘನ ಮೀಟರನ್ನು ಮೀರುತ್ತದೆ, ತೂಕದಲ್ಲಿ ಅರ್ಧ ಕಿಲೋಗ್ರಾಂ ದಾಟುತ್ತದೆ. ಆ ಒಂದು ಚಮಚ ದ್ರವವನ್ನು ಬೇಕಾದ ಹೊತ್ತಿಗೆ, ಬೇಕಾದ ಜಾಗಕ್ಕೆ, ತಡೆಯಿಲ್ಲದೆ ಒದಗಿಸುವುದು ಹಗ್ಗದ ಕೆಲಸ. ಪೊರೆ ಹಿಗ್ಗುತ್ತ ಹೋದಂತೆ ತನ್ನ ಅಂಚಿನಲ್ಲಿರುವ ಒದ್ದೆ ಹಗ್ಗದಿಂದ ದ್ರಾವಣವನ್ನು ಎಳೆದುಕೊಳ್ಳುತ್ತದೆ. ಹಗ್ಗದಲ್ಲಿನ ದಾಸ್ತಾನು ತೀರಿದ ಕ್ಷಣ ಪೊರೆ ಅಂಚಿನಲ್ಲೇ ಹರಿದುಹೋಗುತ್ತದೆ. ಜಾತ್ರೆಯಲ್ಲಿ ಮಾರುವ, ಗುಳ್ಳೆ ಊದುವ ಪುಟ್ಟ ಪ್ಲಾಸ್ಟಿಕ್ ಬಳೆಯ ಅಂಚಿನಲ್ಲಿ ಸಣ್ಣ ಗೀರುಗಳಿರುವುದನ್ನು ಗಮನಿಸಿರಬಹುದು. ಅವು ಇರುವುದು ಕೂಡ ಒಂದೆರಡು ಹನಿಯನ್ನು ಹಿಡಿದಿಟ್ಟುಕೊಳ್ಳುವುದಕ್ಕಾಗಿಯೇ.

ಹಗ್ಗ ಮತ್ತು ಕೋಲು

ಬಟ್ಟೆ ಒಣಗಿಸಲು ಕಟ್ಟುವ ನೈಲಾನ್ ಹಗ್ಗವಾಗಲಿ, ಸಾಮಾನು ಕಟ್ಟುವ ಪ್ಲಾಸ್ಟಿಕ್ ಹುರಿಯಾಗಲಿ ಈ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಅವು ದ್ರವವನ್ನು ಹೀರುವುದಿಲ್ಲ. ತೆಂಗಿನ ನಾರಿನ ಹಗ್ಗ ಮತ್ತು ಸೆಣಬಿನ ಹುರಿ ಸ್ವಲ್ಪ ಹೀರಿಕೊಳ್ಳುತ್ತವಾದರೂ ಅವುಗಳಿಂದ ಹೊರಚಾಚಿದ ಗಡುಸು ಎಳೆಗಳು ಪೊರೆಯನ್ನು ಚುಚ್ಚುತ್ತವೆ. ಬೇಕಾದದ್ದು ಸಡಿಲವಾಗಿ ಹೊಸೆದ ಹತ್ತಿಯ ಹುರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ನೆಲ ಒರೆಸುವ ಮಾಪಿನ ಬಿಳಿ ಹತ್ತಿ ನೂಲು. ಅಂಗಡಿಯಲ್ಲಿ ಮಾಪಿನ ತಲೆಯನ್ನಷ್ಟೇ ಬಿಡಿಯಾಗಿ ಕೊಂಡರೆ ನಾಲ್ಕೈದು ಜೊತೆ ಕೋಲುಗಳಿಗೆ ಸಾಕಾಗುವಷ್ಟು ನೂಲು ಸಿಗುತ್ತದೆ. ಅದು ದೊರೆಯದಿದ್ದರೆ ಪೈಜಾಮಕ್ಕೆ ಹಾಕುವ ಹತ್ತಿಯ ಲಾಡಿ ಅಥವಾ ಸೀಮೆಎಣ್ಣೆ ಸ್ಟೌವಿನ ಬತ್ತಿಯ ನೂಲು ಆಗುತ್ತದೆ. ಲಾಡಿ ಕೊಳ್ಳುವಾಗ ಹತ್ತಿಯದೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಈಗ ಅಂಗಡಿಗಳಲ್ಲಿರುವ ಹೊಳೆಯುವ ಲಾಡಿಗಳು ಬಹುಪಾಲು ಪಾಲಿಯೆಸ್ಟರಿನವು. ಹುರಿಯ ದಪ್ಪ 4ರಿಂದ 6 ಮಿ.ಮೀ. ಇರಲಿ. ಅದಕ್ಕಿಂತ ತೆಳುವಾದರೆ ದಾಸ್ತಾನು ಸಾಲದು, ದಪ್ಪವಾದರೆ ಒದ್ದೆಯ ಭಾರಕ್ಕೆ ಜೋತು ಸುರಿಯುತ್ತದೆ. ನೂಲು ತೆಳುವಾಗಿದ್ದರೆ ಮೂರು ಎಳೆಗಳನ್ನು ಸಡಿಲವಾದ ಜಡೆಯಂತೆ ಹೆಣೆದುಕೊಳ್ಳಬಹುದು.

ಬಹಳ ಮಂದಿ ಬಿಟ್ಟುಬಿಡುವ ಒಂದು ಕೆಲಸವಿದೆ. ಹೊಸ ಹತ್ತಿಯ ಮೇಲೆ ಸಹಜವಾದ ಮೇಣದಂಶವೂ, ಕೆಲವೊಮ್ಮೆ ಗಿರಣಿಯಲ್ಲಿ ಹಾಕಿದ ಗಂಜಿಯೂ ಇರುವುದರಿಂದ ಅದು ಮೊದಲಿಗೆ ನೀರನ್ನು ತಳ್ಳುತ್ತದೆ. ಹುರಿಯನ್ನು ಬಿಸಿ ನೀರಿನಲ್ಲಿ, ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಹಿಂಡಿ, ಎರಡು ಸಲ ಜಾಲಿಸಿ ಒಣಗಿಸಬೇಕು. ಒಣಗಿದ ಹುರಿಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮುತ್ತಿನಂತೆ ಮೇಲೆಯೇ ನಿಂತರೆ ಇನ್ನೊಮ್ಮೆ ತೊಳೆಯಬೇಕು, ತಕ್ಷಣ ಇಂಗಿದರೆ ಹುರಿ ಸಿದ್ಧವಾಗಿದೆ.

ಕೋಲುಗಳಿಗೆ ಬೆರಳು ದಪ್ಪದ ಬಿದಿರು, ನಯಗೊಳಿಸಿದ ಅಡಿಕೆ ದಬ್ಬೆ, ತೆಳು ಪಿವಿಸಿ ಪೈಪು ಯಾವುದಾದರೂ ಆಗಬಹುದು. ದೊಡ್ಡವರಿಗೆ 75ರಿಂದ 90 ಸೆಂ.ಮೀ., ಮಕ್ಕಳಿಗೆ 40ರಿಂದ 50 ಸೆಂ.ಮೀ. ಉದ್ದ ಸಾಕು. ಎರಡೂ ಕೋಲುಗಳು ಸಮವಾಗಿರಲಿ, ಸಿಬಿರು ಏಳದಂತೆ ಮರಳು ಕಾಗದದಿಂದ ಉಜ್ಜಿರಲಿ.

ಈಗ ಕಟ್ಟುವ ಕ್ರಮ. ಮೊದಲು 50 ಸೆಂ.ಮೀ. ಉದ್ದದ ಹುರಿಯನ್ನು ಎರಡು ಕೋಲುಗಳ ತುದಿಗಳ ನಡುವೆ ಕಟ್ಟಬೇಕು. ಇದು ಮೇಲಿನ ಹಗ್ಗ. ಅನಂತರ 100 ಸೆಂ.ಮೀ. ಉದ್ದದ ಇನ್ನೊಂದು ಹುರಿಯ ನಡುಭಾಗಕ್ಕೆ ಒಂದು ಸಣ್ಣ ಕಬ್ಬಿಣದ ವಾಷರನ್ನೋ ನಟ್ಟನ್ನೋ ಪೋಣಿಸಿ, ಅದು ಜಾರದಂತೆ ಗಂಟು ಹಾಕಿ, ಎರಡು ತುದಿಗಳನ್ನು ಅದೇ ಕೋಲುಗಳ ತುದಿಗೆ, ಮೇಲಿನ ಹಗ್ಗದ ಗಂಟಿನ ಪಕ್ಕದಲ್ಲೇ ಕಟ್ಟಬೇಕು. ಕೋಲುಗಳನ್ನು ಅಗಲಿಸಿ ಹಿಡಿದಾಗ ಮೇಲೆ ಒಂದು ಅಡ್ಡಗೆರೆ, ಕೆಳಗೆ ಜೋತುಬಿದ್ದ ಎರಡು ಬದಿಗಳು ಸೇರಿ ತಲೆಕೆಳಗಾದ ತ್ರಿಕೋನವೊಂದು ಕಾಣಿಸುತ್ತದೆ. ಭಾರ ಕಟ್ಟುವುದು ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಕೆಳಗಿನ ಹಗ್ಗ ಗಾಳಿಗೆ ಹಾರಿ ಮೇಲಿನದಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸುವ ಹೊತ್ತಿಗೆ ದ್ರಾವಣವೆಲ್ಲ ಸೋರಿರುತ್ತದೆ. ಗಂಟಿನ ಬಾಲಗಳನ್ನು ಚಿಕ್ಕದಾಗಿ ಕತ್ತರಿಸಿ, ತ್ರಿಕೋನದ ಒಳಗೆ ಚಾಚದಂತೆ ಹೊರಕ್ಕೆ ತಿರುಗಿಸಿಡಬೇಕು.

ಈ ಅಳತೆಯ ಕೋಲಿನಿಂದ ಒಂದು ವಾರ ಅಭ್ಯಾಸ ಮಾಡಿದ ಮೇಲೆ ಮೇಲಿನ ಹಗ್ಗ 1 ಮೀಟರ್, ಕೆಳಗಿನದು 2 ಮೀಟರ್ ಇರುವ ಜೋಡಿಯನ್ನು ಕಟ್ಟಿಕೊಳ್ಳಬಹುದು. ಇಡೀ ಮನುಷ್ಯನನ್ನು ಮುಚ್ಚುವಂಥ ಗುಳ್ಳೆಗಳು ಇದರಿಂದ ಬರುತ್ತವೆ. ಮೊದಲ ದಿನವೇ ಉದ್ದ ಹಗ್ಗಕ್ಕೆ ಕೈಹಾಕುವುದು ಬೇಡ; ಚಿಕ್ಕ ತ್ರಿಕೋನದಲ್ಲಿ ಕೈ ಪಳಗದೆ ದೊಡ್ಡದರಲ್ಲಿ ಪಳಗುವುದಿಲ್ಲ. ಎಲ್ಲಿಯವರೆಗೆ ಹೋಗಬಹುದು ಎಂಬ ಕುತೂಹಲವಿದ್ದವರಿಗೆ ಇಷ್ಟು ಹೇಳಬಹುದು: 2015ರ ಜೂನ್ 20ರಂದು ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಗ್ಯಾರಿ ಪರ್ಲ್‌ಮನ್ ಎಂಬವರು ಬಯಲಿನಲ್ಲಿ ತೇಲಿಬಿಟ್ಟ ಗುಳ್ಳೆಯ ಗಾತ್ರ 96.27 ಘನ ಮೀಟರ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಅದು ಪೂರ್ಣ ಗೋಳವಾಗಿದ್ದರೆ ವ್ಯಾಸ ಸುಮಾರು 5.7 ಮೀಟರ್ ಆಗುತ್ತದೆ.

ದ್ರಾವಣ

ಒಂದು ಲೀಟರ್ ನೀರಿಗೆ ಬೇಕಾಗುವ ಸಾಮಗ್ರಿ ಇಷ್ಟು: ಪಾತ್ರೆ ತೊಳೆಯುವ ದ್ರವ 50 ಮಿ.ಲೀ., ಗೌರ್ ಗಮ್ ಪುಡಿ (ಗೋರಿಕಾಯಿ ಬೀಜದ ಪುಡಿ) 2ರಿಂದ 3 ಗ್ರಾಂ, ಗ್ಲಿಸರಿನ್ ಒಂದು ದೊಡ್ಡ ಚಮಚ, ಬೇಕಿಂಗ್ ಪೌಡರ್ 2 ಗ್ರಾಂ. ಮೊದಲ ಸಲ ಎರಡು ಲೀಟರ್ ಮಾಡಿಕೊಂಡರೆ ಹಗ್ಗ ಮುಳುಗಲು ಅನುಕೂಲ.

ಇದರ ಮೂಲ ಚೌಕಟ್ಟು ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜಸ್ಟಿನ್ ಬರ್ಟನ್ ಮತ್ತು ಅವರ ಸಹೋದ್ಯೋಗಿಗಳದು. ಬಾರ್ಸಿಲೋನಾದ ಬೀದಿಯಲ್ಲಿ ಕಲಾವಿದರು ತೇಲಿಬಿಡುತ್ತಿದ್ದ ದೊಡ್ಡ ಗುಳ್ಳೆಗಳನ್ನು ಕಂಡು, ಅಷ್ಟು ತೆಳುವಾದ ಪೊರೆ ಹರಿಯದೆ ಹೇಗೆ ಉಳಿಯುತ್ತದೆ ಎಂದು ಬರ್ಟನ್ ಕೇಳಿಕೊಂಡರು. 2020ರಲ್ಲಿ ಪ್ರಕಟವಾದ ಅವರ ಅಧ್ಯಯನ, ಬೇರೆ ಬೇರೆ ಉದ್ದದ ಪಾಲಿಮರ್ ಸರಪಳಿಗಳು, ಅಂದರೆ ಗೌರ್‌ನಲ್ಲಿರುವಂಥ ಉದ್ದನೆಯ ಅಣುಗಳು, ಬೆರೆತ ದ್ರಾವಣ ಒಂದೇ ಉದ್ದದ ಸರಪಳಿಗಳಿಗಿಂತ ಗಟ್ಟಿಯಾದ ಪೊರೆಯನ್ನು ಕೊಡುತ್ತದೆ ಎಂದು ತೋರಿಸಿತು. ಅವರ ಪಾಕದಲ್ಲಿ ಗೌರ್ ಪುಡಿಯನ್ನು ಕದಡಲು ಲೀಟರಿಗೆ 50 ಮಿ.ಲೀ. ಆಲ್ಕೋಹಾಲ್ ಬಳಸುತ್ತಾರೆ. ಮಕ್ಕಳಿರುವ ಕಡೆ ಬೆಂಕಿ ಹಿಡಿಯುವ ದ್ರವ ಬೇಡವೆಂದು ನಾನು ಅದರ ಬದಲು ಔಷಧಿ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಬಳಸುತ್ತೇನೆ. ಗ್ಲಿಸರಿನ್ ನೀರಿನ ತೇವವನ್ನು ಹಿಡಿದಿಟ್ಟುಕೊಂಡು ಪೊರೆ ಒಣಗುವುದನ್ನು ತುಸು ನಿಧಾನಗೊಳಿಸುತ್ತದೆ. ಇದೂ ಹೊಸ ಉಪಾಯವಲ್ಲ; 19ನೇ ಶತಮಾನದಲ್ಲಿ ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೊ, ತಮ್ಮ ದೃಷ್ಟಿ ಹೋದ ಮೇಲೂ ಸಹಾಯಕರ ಕಣ್ಣುಗಳ ನೆರವಿನಿಂದ ಸಾಬೂನು ಪೊರೆಗಳನ್ನು ಅಭ್ಯಸಿಸಿದಾಗ, ಗ್ಲಿಸರಿನ್ ಬೆರೆಸಿದ ಸಾಬೂನು ನೀರನ್ನೇ ಬಳಸುತ್ತಿದ್ದರು.

ಗೌರ್ ಎಂದರೆ ನಮ್ಮ ಗೋರಿಕಾಯಿಯೇ. ಪಲ್ಯಕ್ಕೆ ಎಳೆಯ ಕಾಯಿಯನ್ನು ಬಳಸುತ್ತೇವೆ. ಬಲಿತ ಬೀಜದ ಒಳತಿರುಳನ್ನು ಬೀಸಿದರೆ ಗೌರ್ ಗಮ್ ಪುಡಿಯಾಗುತ್ತದೆ. ಜಗತ್ತಿನ ಗೌರ್ ಬೆಳೆಯ ಬಹುಭಾಗ ಭಾರತದ್ದು, ಅದರಲ್ಲೂ ಮುಖ್ಯವಾಗಿ ರಾಜಸ್ಥಾನದ್ದು. ಬೇಕರಿ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಆಹಾರ ದರ್ಜೆಯ ಪುಡಿ ಸಿಗುತ್ತದೆ. ಅದರ ಉದ್ದನೆಯ ಸರಪಳಿಯಂಥ ಅಣುಗಳು ನೀರಿನಲ್ಲಿ ಬಿಚ್ಚಿಕೊಂಡು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಪೊರೆಯನ್ನು ಎಳೆದಾಗ ಈ ತೊಡರು ಹಿಗ್ಗಿ ತಡೆಯುತ್ತದೆ. ಬೆಂಡೆಕಾಯಿ ಹೆಚ್ಚುವಾಗ ಚಾಕುವಿನಿಂದ ಎಳೆಯೆಳೆಯಾಗಿ ಏಳುವ ಲೋಳೆಯನ್ನು ನೆನೆದರೆ ಈ ಗುಣ ಯಾವ ಬಗೆಯದೆಂದು ಹೊಳೆಯುತ್ತದೆ. ದೊಡ್ಡ ಗುಳ್ಳೆಗೆ ಬೇಕಾದದ್ದು ಈ ಲೋಳೆ.

ಸಾಬೂನಿನ ಪಾತ್ರ ಬೇರೆ. ಬರಿಯ ನೀರಿನ ಮೇಲ್ಮೈ ಎಳೆತ, ಅಂದರೆ ಮೇಲ್ಮೈಯನ್ನು ಕುಗ್ಗಿಸಲು ಎಳೆಯುವ ಬಲ, ಮೀಟರಿಗೆ ಸುಮಾರು 72 ಮಿಲಿನ್ಯೂಟನ್; ಸಾಬೂನು ಬೆರೆತಾಗ ಅದು 25ರಿಂದ 30ರ ಆಸುಪಾಸಿಗೆ ಇಳಿಯುತ್ತದೆ. ಪೊರೆ ಉಳಿಯಲು ಎಳೆತ ಇಳಿದರಷ್ಟೇ ಸಾಲದು. ಪೊರೆಯ ಒಂದು ಜಾಗ ತೆಳುವಾದಾಗ ಅಲ್ಲಿ ಸಾಬೂನಿನ ಅಣುಗಳು ವಿರಳವಾಗುತ್ತವೆ, ಎಳೆತ ಅಲ್ಲಿ ಮಾತ್ರ ಏರುತ್ತದೆ, ಆ ಏರಿಕೆಯೇ ಸುತ್ತಲಿನ ದ್ರವವನ್ನು ಅತ್ತ ಸೆಳೆದು ತೆಳುವಾದ ಜಾಗವನ್ನು ತುಂಬುತ್ತದೆ. ಸಾಬೂನು ಅತಿಯಾದರೆ ವಿರಳವಾಗುವ ಪ್ರಶ್ನೆಯೇ ಬರುವುದಿಲ್ಲ. ಪೊರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಶಕ್ತಿ ಕುಂದುತ್ತದೆ, ಜೊತೆಗೆ ನೊರೆಯ ಕಾಟ ಹೆಚ್ಚುತ್ತದೆ. ಗುಳ್ಳೆ ಬರುತ್ತಿಲ್ಲವೆಂದು ಸಾಬೂನು ಸುರಿಯುತ್ತ ಹೋಗುವುದು ಈ ಕಾರಣಕ್ಕಾಗಿಯೇ ತಪ್ಪು.

ವಿಮ್, ಪ್ರಿಲ್ ಮುಂತಾಗಿ ಅಂಗಡಿಯಲ್ಲಿರುವ ದ್ರವಗಳ ಸಾಂದ್ರತೆ ಒಂದೊಂದರದು ಒಂದೊಂದು ಬಗೆ. ಆದ್ದರಿಂದ 50 ಮಿ.ಲೀ.ಯಿಂದ ಆರಂಭಿಸಿ, ಪೊರೆ ಕೂಡಿಕೊಳ್ಳದಿದ್ದರೆ ಮಾತ್ರ 10 ಮಿ.ಲೀ.ಯಂತೆ ಏರಿಸಬೇಕು, 80 ದಾಟಿದರೂ ಕೂಡದಿದ್ದರೆ ಬ್ರ್ಯಾಂಡ್ ಬದಲಿಸುವುದು ಒಳ್ಳೆಯದು. ಮೈಗೆ ಹಚ್ಚುವ ಸಾಬೂನನ್ನು ಕರಗಿಸಿ ಬಳಸುವುದು ಬೇಡ: ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅದರೊಂದಿಗೆ ಸೇರಿ ಕೆನೆಯಂಥ ಗಸಿಯಾಗುತ್ತವೆ. ಪಾತ್ರೆ ತೊಳೆಯುವ ದ್ರವಕ್ಕೆ ಈ ತೊಂದರೆ ಕಡಿಮೆ. ಆದರೂ ಶುದ್ಧೀಕರಿಸಿದ ಕುಡಿಯುವ ನೀರನ್ನು ಅಥವಾ ಸೋಸಿದ ಮಳೆನೀರನ್ನು ಬಳಸಿದರೆ ಫಲಿತಾಂಶ ದಿನದಿಂದ ದಿನಕ್ಕೆ ಒಂದೇ ತೆರನಾಗಿರುತ್ತದೆ. ಅಂಟುವಾಳದ ನೀರಿನಿಂದಲೂ ಗುಳ್ಳೆ ಬರುತ್ತದೆ, ಮಕ್ಕಳಿಗೆ ಕೊಳವೆಯಲ್ಲಿ ಊದಲು ಅದು ಬಹಳ ಚೆಂದ. ಹಗ್ಗದ ದೊಡ್ಡ ಪೊರೆಗೆ ಮಾತ್ರ ನಾನು ಅದನ್ನು ಸೂಚಿಸುವುದಿಲ್ಲ.

ಬೆರೆಸುವ ಕ್ರಮವನ್ನು ತಪ್ಪಿಸಬಾರದು. ಗೌರ್ ಪುಡಿಯನ್ನು ನೇರವಾಗಿ ನೀರಿಗೆ ಸುರಿದರೆ, ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದಂತೆ ಹೊರಗೆ ಲೋಳೆ ಒಳಗೆ ಒಣಪುಡಿ ಇರುವ ಗಂಟುಗಳಾಗುತ್ತವೆ. ಅಂಬಲಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುವ ಹಾಗೆ, ಇಲ್ಲಿ ಪುಡಿಯನ್ನು ಗ್ಲಿಸರಿನ್‌ನಲ್ಲಿ ಕದಡಬೇಕು. ಗ್ಲಿಸರಿನ್‌ನಲ್ಲಿ ಗೌರ್ ಉಬ್ಬುವುದಿಲ್ಲವಾದ್ದರಿಂದ ಕಣಗಳು ಬಿಡಿಬಿಡಿಯಾಗಿ ಉಳಿಯುತ್ತವೆ. ಈ ಕದಡಿದ್ದನ್ನು ಉಗುರುಬೆಚ್ಚಗಿನ ನೀರಿಗೆ ಸಣ್ಣ ಧಾರೆಯಾಗಿ ಬಿಡುತ್ತ, ಹತ್ತು ನಿಮಿಷ ಒಂದೇ ಸಮನೆ ತಿರುವಬೇಕು. ಅನಂತರ ಕನಿಷ್ಠ ಒಂದು ಗಂಟೆ ಮುಚ್ಚಿಡಬೇಕು. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ನೀರು ತೆಳುವಾದ ಗಂಜಿ ತಿಳಿಯಷ್ಟು ಮಂದವಾದಾಗ ಬೇಕಿಂಗ್ ಪೌಡರ್ ಹಾಕಿ ಕಲಕಬೇಕು. ಅದು ದ್ರಾವಣದ ಕ್ಷಾರತೆಯನ್ನು ಹದಕ್ಕೆ ತರುತ್ತದೆ. ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಒಂದೇ ಅಲ್ಲ ಎಂಬುದನ್ನು ನೆನಪಿಡಬೇಕು. ಎರಡನೆಯದರಲ್ಲಿ ಸೋಡಾದ ಜೊತೆ ಆಮ್ಲಾಂಶವೂ ಪಿಷ್ಟವೂ ಇರುತ್ತವೆ, ತಳದಲ್ಲಿ ಬಿಳಿಯ ಪುಡಿ ನಿಂತರೆ ಅದು ಆ ಪಿಷ್ಟವೇ. ಎಲ್ಲಕ್ಕಿಂತ ಕೊನೆಯಲ್ಲಿ ಪಾತ್ರೆ ತೊಳೆಯುವ ದ್ರವವನ್ನು ಹಾಕಿ, ನೊರೆ ಏಳದಂತೆ ಸೌಟನ್ನು ತಳದಲ್ಲೇ ಆಡಿಸುತ್ತ ಬೆರೆಸಬೇಕು. ನೊರೆ ಬಂದರೆ ತಟ್ಟೆಯ ಅಂಚಿನಿಂದ ಕೆನೆ ತೆಗೆಯುವಂತೆ ತೆಗೆದುಹಾಕಬೇಕು, ಏಕೆಂದರೆ ಹಗ್ಗಕ್ಕೆ ಅಂಟಿದ ಒಂದೊಂದು ಸಣ್ಣ ನೊರೆಗುಳ್ಳೆಯೂ ಪೊರೆ ಒಡೆಯಲು ಒಂದೊಂದು ನೆಪವಾಗುತ್ತದೆ.

ಹೊತ್ತು ಮತ್ತು ಜಾಗ

ಒಳ್ಳೆಯ ಹಗ್ಗ, ಒಳ್ಳೆಯ ದ್ರಾವಣ ಎರಡೂ ಇದ್ದು ಮಾರ್ಚ್ ತಿಂಗಳ ನಡುಮಧ್ಯಾಹ್ನ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಬಯಲಿಗೆ ಹೋದರೆ ನಿರಾಶೆಯೇ ಗತಿ. ಒಣ ಗಾಳಿ ಪೊರೆಯ ನೀರನ್ನು ಕ್ಷಣಗಳಲ್ಲಿ ಹೀರಿಬಿಡುತ್ತದೆ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಗಾಳಿಯ ತೇವಾಂಶ ನೋಡಿಕೊಳ್ಳಿ: ಶೇ. 60ಕ್ಕಿಂತ ಮೇಲಿದ್ದರೆ ಕೆಲಸ ಸುಗಮ, 80 ದಾಟಿದ್ದರೆ ಆ ದಿನವನ್ನು ಬಿಡಲೇಬಾರದು. ಒಳನಾಡಿನಲ್ಲಿ ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ ಮತ್ತು ಮಳೆ ನಿಂತ ಬಳಿಕದ ಸಂಜೆ ಅತ್ಯುತ್ತಮ ಹೊತ್ತುಗಳು. ಹುಲ್ಲಿನ ಮೇಲೆ ಇಬ್ಬನಿ ಇರುವ ಚಳಿಗಾಲದ ಮುಂಜಾವಿನಲ್ಲಿ ನಾನು ಕಂಡಷ್ಟು ದೀರ್ಘಾಯುಷಿ ಗುಳ್ಳೆಗಳನ್ನು ಬೇರೆ ಯಾವಾಗಲೂ ಕಂಡಿಲ್ಲ. ಕರಾವಳಿಯವರಿಗೆ ತೇವದ ಚಿಂತೆಯಿಲ್ಲ. ಅಲ್ಲಿ ಅಡ್ಡಿಯಾಗುವುದು ಮಧ್ಯಾಹ್ನದ ಕಡಲಗಾಳಿ, ಹಾಗಾಗಿ ಅಲ್ಲಿಯೂ ಬೆಳಗ್ಗೆಯೇ ಲೇಸು.

ಗಾಳಿ ತೀರಾ ಇಲ್ಲದಿದ್ದರೂ ಕಷ್ಟ, ಬೀಸಿದರೂ ಕಷ್ಟ. ಗಂಟೆಗೆ 2ರಿಂದ 5 ಕಿ.ಮೀ. ವೇಗದ ಮೆಲುಗಾಳಿ ಹದವಾದದ್ದು. ಅದನ್ನು ಅಳೆಯಲು ಒಂದು ಊದುಬತ್ತಿ ಹಚ್ಚಿ ಹಿಡಿಯಿರಿ. ಹೊಗೆ ಒಂದೇ ದಿಕ್ಕಿಗೆ ಓರೆಯಾಗಿ ಎಳೆಯಂತೆ ಸಾಗಿದರೆ ಗಾಳಿ ಹದವಾಗಿದೆ. ಹೊಗೆ ಹರಿದು ಚದುರಿದರೆ ಮರಗಳ ಸಾಲಿನ ಮರೆಗೆ ಹೋಗಬೇಕು ಅಥವಾ ಕಾಯಬೇಕು. ಊದುಬತ್ತಿ ದಿಕ್ಕನ್ನೂ ತೋರಿಸುತ್ತದೆ, ಆ ದಿಕ್ಕು ಮುಂದೆ ಬೇಕಾಗುತ್ತದೆ.

ಜಾಗ ಹುಲ್ಲುನೆಲವೋ ಮಣ್ಣುನೆಲವೋ ಆಗಿರಲಿ. ಗೌರ್ ಬೆರೆತ ಸಾಬೂನು ನೀರು ಗ್ರಾನೈಟ್, ಟೈಲ್ಸ್ ಮತ್ತು ಕಾವಿ ನೆಲದ ಮೇಲೆ ಬಿದ್ದರೆ ಎಣ್ಣೆಗಿಂತ ಹೆಚ್ಚು ಜಾರುತ್ತದೆ. ಮನೆಯ ತಾರಸಿಯ ಮೇಲೆ ಈ ಆಟ ಖಂಡಿತ ಬೇಡ. ಗುಳ್ಳೆ ಮಾಡುವವರು ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ, ಕಣ್ಣು ಗುಳ್ಳೆಯ ಮೇಲೆಯೇ ಇರುತ್ತದೆ, ಕಾಲಡಿ ಜಾರುತ್ತಿರುತ್ತದೆ. ಈ ಮೂರು ಸೇರಿದ ಜಾಗದಲ್ಲಿ ಮೋಟುಗೋಡೆಯನ್ನು ನಂಬಬಾರದು. ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಒದ್ದೆ ಹಗ್ಗದ ಉದ್ದ ಕೋಲನ್ನು ಎತ್ತಬಾರದು.

ಕೈಯ ಕೆಲಸ

ಅಗಲ ಬಾಯಿಯ ಬಕೆಟ್ಟಿಗೆ ದ್ರಾವಣ ಹಾಕಿ. ಎರಡೂ ಕೋಲುಗಳನ್ನು ಜೋಡಿಸಿ ಹಿಡಿದು, ಭಾರ ಮೊದಲು ತಳ ಮುಟ್ಟುವಂತೆ ಹಗ್ಗವನ್ನು ಇಳಿಸಿ. ಮೊದಲ ಸಲ ಎರಡು ಮೂರು ನಿಮಿಷ ನೆನೆಯಲು ಬಿಟ್ಟು, ಬೆರಳುಗಳಿಂದ ಹಗ್ಗವನ್ನು ದ್ರಾವಣದೊಳಗೇ ಹಿಂಡಿ ಒಳಗಿನ ಗಾಳಿಯನ್ನು ಹೊರಡಿಸಬೇಕು. ಆ ಬಳಿಕ ಪ್ರತಿ ಸಲವೂ ಮೂರು ನಾಲ್ಕು ಸೆಕೆಂಡು ಮುಳುಗಿಸಿದರೆ ಸಾಕು.

ಎತ್ತುವಾಗ ಕೋಲುಗಳ ತುದಿಗಳು ಒಂದಕ್ಕೊಂದು ತಾಗಿಯೇ ಇರಬೇಕು. ಹಗ್ಗ ಮೆಲ್ಲಗೆ ಮೇಲೆ ಬರಲಿ, ಹೆಚ್ಚಿನ ದ್ರಾವಣ ಒಂದೆರಡು ಸೆಕೆಂಡು ಬಕೆಟ್ಟಿಗೇ ಸುರಿಯಲಿ. ಹಗ್ಗ ತಿರುಚಿಕೊಂಡಿದ್ದರೆ ಈಗಲೇ ಕೋಲನ್ನು ತಿರುಗಿಸಿ ಬಿಡಿಸಿಕೊಳ್ಳಬೇಕು. ಕೊಡವಬಾರದು, ಕೊಡವಿದರೆ ದಾಸ್ತಾನು ಹೋಗುತ್ತದೆ.

ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ನಿಂತು, ಕೋಲುಗಳನ್ನು ಎದೆಯ ಮಟ್ಟದಿಂದ ಮುಂದಕ್ಕೆ, ತುದಿ ತುಸು ಮೇಲಾಗಿ ಚಾಚಿ. ಈಗ ಪುಸ್ತಕ ತೆರೆಯುವಷ್ಟು ನಿಧಾನವಾಗಿ ತುದಿಗಳನ್ನು ಅಗಲಿಸಬೇಕು. ತ್ರಿಕೋನದ ತುಂಬ ಪೊರೆ ಕೂಡಿಕೊಂಡಿರುವುದು ಬಣ್ಣದ ಅಲೆಯಿಂದ ತಿಳಿಯುತ್ತದೆ. ಪೂರ್ತಿ ಅಗಲಿಸಬೇಕೆಂದಿಲ್ಲ, ಆರಂಭದಲ್ಲಿ ಮುಕ್ಕಾಲು ಭಾಗ ತೆರೆದರೆ ಹಗ್ಗ ಬಿಗಿಯದೆ ಪೊರೆಯ ಎಳೆತಕ್ಕೆ ಒಳಮುಖವಾಗಿ ಬಾಗುತ್ತದೆ, ಆ ಬಾಗುವಿಕೆಯೇ ಪೊರೆಗೆ ಆಸರೆ.

ಮೆಲುಗಾಳಿ ಇದ್ದರೆ ಪೊರೆ ತಾನಾಗಿಯೇ ಮುಂದಕ್ಕೆ ಉಬ್ಬುತ್ತದೆ. ಗಾಳಿ ಇಲ್ಲದಿದ್ದರೆ ಕೋಲುಗಳನ್ನು ಹಾಗೆಯೇ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಯಬೇಕು. ಆಗ ಗಾಳಿ ತ್ರಿಕೋನದ ಮೂಲಕ ಹಾದು ಪೊರೆಯನ್ನು ಉದ್ದನೆಯ ಕೊಳವೆಯಾಗಿ ತುಂಬುತ್ತದೆ. ಇಲ್ಲಿ ಊದುವ ಬಲವೇ ಬೇಡ. ಒಂದು ಮೀಟರ್ ವ್ಯಾಸದ ಗುಳ್ಳೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 0.2 ಪಾಸ್ಕಲ್‌ನಷ್ಟೇ ಹೆಚ್ಚು; ವಾತಾವರಣದ ಒತ್ತಡ ಒಂದು ಲಕ್ಷ ಪಾಸ್ಕಲ್ ಎಂಬುದನ್ನು ನೆನೆದರೆ ಇದು ಎಷ್ಟು ನವಿರಾದ ವ್ಯವಹಾರವೆಂದು ತಿಳಿಯುತ್ತದೆ. ಕೈಯ ವೇಗ ಸ್ವಲ್ಪ ಹೆಚ್ಚಾದರೂ ಪೊರೆಗೆ ಹಗ್ಗದಿಂದ ದ್ರಾವಣ ಎಳೆದುಕೊಳ್ಳಲು ಪುರುಸೊತ್ತು ಸಿಗುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಘಟ್ಟ ಮುಚ್ಚುವುದು. ಮೊದಲ ದಿನಗಳಲ್ಲಿ ನಾನು ಕೊಳವೆ ದೊಡ್ಡದಾದ ಕೂಡಲೇ ಎರಡು ಕೋಲುಗಳನ್ನೂ ತಟ್ಟನೆ ಒಟ್ಟಿಗೆ ತರುತ್ತಿದ್ದೆ, ಪ್ರತಿ ಸಲವೂ ಗುಳ್ಳೆ ಬುಡದಲ್ಲೇ ಒಡೆಯುತ್ತಿತ್ತು. ಸರಿಯಾದ ಕ್ರಮವೆಂದರೆ, ಹಿಂದಕ್ಕೆ ಸಾಗುತ್ತಿರುವಾಗಲೇ ಕೋಲುಗಳನ್ನು ತುಸು ಮೇಲೆತ್ತುತ್ತ, ಎರಡು ಮೂರು ಸೆಕೆಂಡುಗಳಷ್ಟು ಹೊತ್ತು ತೆಗೆದುಕೊಂಡು ತುದಿಗಳನ್ನು ಹತ್ತಿರ ತರಬೇಕು. ಕೊಳವೆಯ ಬುಡ ಕಿರಿದಾಗುತ್ತ ಕುತ್ತಿಗೆಯಂತಾಗಿ, ಕೊನೆಗೆ ತಾನಾಗಿಯೇ ಚಿವುಟಿಕೊಂಡು ಮುಚ್ಚಿಕೊಳ್ಳುತ್ತದೆ. ಮುಚ್ಚುವ ಹೊತ್ತಿನಲ್ಲಿ ನಡಿಗೆ ನಿಲ್ಲಿಸಿದರೆ ಪೊರೆ ಹಿಂದಕ್ಕೆ ಮರಳಿ ಹಗ್ಗಕ್ಕೆ ಬಡಿಯುತ್ತದೆ. ಆದ್ದರಿಂದ ಗುಳ್ಳೆ ಬಿಡಿಸಿಕೊಂಡು ತೇಲುವವರೆಗೆ ಕಾಲು ನಿಲ್ಲಬಾರದು. ಹೊಸಬರು ಮೊದಲು ಅರ್ಧ ಮೀಟರಿನ ಗುಳ್ಳೆಗಳನ್ನೇ ಮುಚ್ಚುವ ಅಭ್ಯಾಸ ಮಾಡಬೇಕು. ಹತ್ತು ಸಲದಲ್ಲಿ ಏಳು ಸಲ ಮುಚ್ಚಲು ಬಂದ ಮೇಲೆ ಗಾತ್ರ ಹೆಚ್ಚಿಸಿದರೆ ಸರಿಹೋಗುತ್ತದೆ.

ಬಿಡಿಸಿಕೊಂಡ ದೊಡ್ಡ ಗುಳ್ಳೆ ತಕ್ಷಣ ಗೋಳವಾಗುವುದಿಲ್ಲ. ಅದು ಹೊರಳುತ್ತ, ಕುಂಬಳದಂತೆ ಚಪ್ಪಟೆಯಾಗುತ್ತ, ಮತ್ತೆ ಉದ್ದವಾಗುತ್ತ ತೂಗಾಡುತ್ತದೆ. ಮಕ್ಕಳು ಅದರ ಹಿಂದೆ ಓಡಿಹೋಗಿ ಒಡೆಯುತ್ತಾರೆ, ಅದು ಅವರ ಹಕ್ಕು. ಆದರೆ ಒಂದು ಸಲವಾದರೂ ಕೈಯನ್ನು ಮೊಣಕೈವರೆಗೆ ದ್ರಾವಣದಲ್ಲಿ ಅದ್ದಿ, ಮೆಲ್ಲಗೆ ಗುಳ್ಳೆಯೊಳಗೆ ತೂರಿಸಲು ಅವರಿಗೆ ಹೇಳಿಕೊಡಬೇಕು. ಒದ್ದೆ ಕೈ ಒಳಹೊಕ್ಕರೂ ಗುಳ್ಳೆ ಒಡೆಯುವುದಿಲ್ಲ. ಪೊರೆ ಕೈಯ ಸುತ್ತ ಕೂಡಿಕೊಳ್ಳುತ್ತದೆ. ಒಡೆಯುವುದು ಒಣ ಬೆರಳು, ಒಣ ಹುಲ್ಲಿನ ಮೊನೆ, ಒಣ ಧೂಳು. ಬೇಸಿಗೆಯಲ್ಲಿ ಧೂಳೇಳುವ ಮೈದಾನಕ್ಕೆ ಮೊದಲು ನೀರು ಚಿಮುಕಿಸುವುದು ಇದೇ ಕಾರಣಕ್ಕೆ ಉಪಯುಕ್ತ.

ಬಣ್ಣ ಓದುವುದು, ದೋಷ ತಿದ್ದುವುದು

ಪೊರೆಯ ಎರಡು ಮೈಗಳಿಂದ ಹಿಂದಿರುಗಿದ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿಯೋ ಕಳೆದೋ ಬಣ್ಣಗಳಾಗುತ್ತವೆ, ಹಾಗಾಗಿ ಬಣ್ಣವೇ ಪೊರೆಯ ದಪ್ಪದ ಅಳತೆಗೋಲು. ಪೊರೆ ದಪ್ಪವಾಗಿರುವಾಗ ಬಣ್ಣಗಳು ಮಸುಕಾದ ಗುಲಾಬಿ ಮತ್ತು ತಿಳಿಹಸಿರು. ತೆಳುವಾದಂತೆ ಬಣ್ಣ ಗಾಢವಾಗುತ್ತದೆ, ಅನಂತರ ಹೊನ್ನಿನ ಬಣ್ಣ, ಆಮೇಲೆ ಬೆಳ್ಳಿಯ ಬಿಳುಪು, ಕಡೆಗೆ ಕಪ್ಪು. ಕಪ್ಪಾಗಿ ಕಾಣುವ ಜಾಗದ ದಪ್ಪ ಸುಮಾರು 30 ನ್ಯಾನೋಮೀಟರಿಗಿಂತಲೂ ಕಡಿಮೆ. ದ್ರವ ಕೆಳಕ್ಕೆ ಇಳಿಯುವುದರಿಂದ ಈ ಬದಲಾವಣೆ ಗುಳ್ಳೆಯ ನೆತ್ತಿಯಲ್ಲಿ ಮೊದಲು ಕಾಣಿಸುತ್ತದೆ. ಹೊಸ ಗುಳ್ಳೆಯ ನೆತ್ತಿ ಹಗ್ಗ ಬಿಡುವ ಮೊದಲೇ ಹೊನ್ನಾಗಿದ್ದರೆ ದ್ರಾವಣಕ್ಕೆ ಲೋಳೆ ಸಾಲದು ಎಂದು ತಿಳಿದು, ಇನ್ನೊಂದು ಗ್ರಾಂ ಗೌರ್ ಪುಡಿಯನ್ನು ಬೇರೆಯಾಗಿ ಕದಡಿ ಸೇರಿಸಬಹುದು. ಅದಕ್ಕೆ ವಿರುದ್ಧವಾಗಿ ಗುಳ್ಳೆ ಬಣ್ಣವೇ ಇಲ್ಲದೆ ಬೂದಾಗಿ, ತಳದಿಂದ ಹನಿ ಇಳಿಸುತ್ತ ನೆಲಕ್ಕೆ ಬೀಳುತ್ತಿದ್ದರೆ ಲೋಳೆ ಅತಿಯಾಗಿದೆ. ಅರ್ಧ ಲೋಟ ನೀರು ಬೆರೆಸಬೇಕು.

ತ್ರಿಕೋನ ತೆರೆದರೂ ಪೊರೆಯೇ ಕೂಡದಿದ್ದರೆ ಹೆಚ್ಚಿನ ಸಲ ದೋಷ ಹಗ್ಗದಲ್ಲಿರುತ್ತದೆ: ಒಂದೋ ಅದು ಪೂರ್ತಿ ನೆನೆದಿಲ್ಲ, ಇಲ್ಲವೇ ನೊರೆ ಮೆತ್ತಿಕೊಂಡಿದೆ. ಪೊರೆ ಸದಾ ಒಂದೇ ಜಾಗದಲ್ಲಿ ಹರಿಯುತ್ತಿದ್ದರೆ ಆ ಜಾಗದ ಹಗ್ಗವನ್ನು ಬೆರಳಿನಿಂದ ಸವರಿ ನೋಡಿ; ಹುಲ್ಲಿನ ಚೂರೋ ಎದ್ದ ಎಳೆಯೋ ಸಿಗುತ್ತದೆ. ಬೆಳಗ್ಗೆ ಚೆನ್ನಾಗಿ ಬಂದ ಗುಳ್ಳೆಗಳು ಹತ್ತು ಗಂಟೆಗೆ ಬಾರದಾದರೆ ದ್ರಾವಣವನ್ನು ತಿದ್ದಲು ಹೋಗಬೇಡಿ, ಗಾಳಿ ಒಣಗಿದೆ ಎಂದು ಗಂಟುಮೂಟೆ ಕಟ್ಟುವುದು ಸರಿ.

ಕಣ್ಣಿಗೆ ಸಿಡಿದರೆ ತಕ್ಷಣ ಶುದ್ಧ ನೀರಿನಿಂದ ತೊಳೆಯಬೇಕು. ಅದಕ್ಕಾಗಿ ಒಂದು ಬಾಟಲಿ ನೀರು ಜೊತೆಗಿರಲಿ. ಗುಳ್ಳೆಯೊಳಗೆ ಅಡುಗೆ ಅನಿಲ ತುಂಬಿಸಿ ಹೊತ್ತಿಸುವ ಪ್ರಯೋಗಗಳನ್ನು ಯಾವ ಕಾರಣಕ್ಕೂ ಮಾಡಬಾರದು.

ಮುಗಿದ ಮೇಲೆ

ಗೌರ್ ಆಹಾರ ಪದಾರ್ಥವಾದ್ದರಿಂದ ದ್ರಾವಣ ಎರಡು ಮೂರು ದಿನಗಳಲ್ಲಿ ಹಳಸುತ್ತದೆ, ಮೊದಲು ತೆಳುವಾಗಿ ಆಮೇಲೆ ನಾರುತ್ತದೆ. ಸೋಸಿ, ಬಾಟಲಿಯಲ್ಲಿ ತುಂಬಿ, ಮಕ್ಕಳು ಕುಡಿಯದಂತೆ ಹೆಸರು ಬರೆದು ಫ್ರಿಜ್‌ನಲ್ಲಿಟ್ಟರೆ ಒಂದು ವಾರದವರೆಗೆ ಬಳಸಬಹುದು. ಬಳಸುವ ಮೊದಲು ಹೊರಗಿನ ಬಿಸಿಗೆ ಬರಲು ಬಿಡಬೇಕು. ಉಳಿದದ್ದನ್ನು ಮನೆಯ ಬಚ್ಚಲಿಗೆ ಸುರಿಯಿರಿ. ಕೆರೆ, ಹೊಂಡ, ಮಳೆನೀರಿನ ಕಾಲುವೆಗೆ ಮಾತ್ರ ಬೇಡ. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಮೇಲೆ ಆಳೆತ್ತರ ಎದ್ದು ರಸ್ತೆಗೆ ಹಾರಿದ ನೊರೆಯನ್ನು ನೋಡಿದವರಿಗೆ, ಡಿಟರ್ಜೆಂಟ್ ಬೆರೆತ ಕೊಳಚೆ ನೀರು ಕೆರೆಯನ್ನು ಏನು ಮಾಡುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಹಗ್ಗವನ್ನು ಅಂದೇ ಬರಿಯ ನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಪೂರ್ತಿ ಒಣಗಿಸಬೇಕು, ಇಲ್ಲವಾದರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ವಾಷರ್ ತುಕ್ಕು ಹಿಡಿಯುತ್ತಿದ್ದರೆ ಅದನ್ನು ಸ್ಟೀಲಿನದಕ್ಕೆ ಬದಲಿಸಿ. ತುಕ್ಕಿನ ಒರಟು ಅಂಚು ಹುರಿಯನ್ನು ಸವೆಸುತ್ತದೆ. ಒಣಗಿದ ಹಗ್ಗವನ್ನು ಕೋಲುಗಳಿಗೆ ಬಿಗಿಯಾಗಿ ಸುತ್ತಿಟ್ಟರೆ ಮುಂದಿನ ಸಲ ಅದೇ ತಿರುಚಿನೊಂದಿಗೆ ದ್ರಾವಣಕ್ಕೆ ಇಳಿಯುತ್ತದೆ. ಕೋಲುಗಳನ್ನು ಗೋಡೆಯ ಮೊಳೆಗೆ ತೂಗುಹಾಕಿ, ಭಾರ ಕೆಳಗೆ ಬರುವಂತೆ ಹಗ್ಗವನ್ನು ಜೋತುಬಿಟ್ಟರೆ ಅದು ನೆಟ್ಟಗೆ ಉಳಿಯುತ್ತದೆ.